ಸಾಕು ಅಂದರೂ ಬಡಿಸುವವರು

ಗುಡೇಕೋಟೆಯ ಗುಡ್ಡದ ಬುಡದಲ್ಲಿ ಬೆಳಿಗ್ಗೆ ಏಳಕ್ಕೆ ನಲವತ್ತು ಸೈಕಲ್ಲುಗಳ ಬೆಲ್ಲು ಒಮ್ಮೆಗೇ ಬಾರಿಸಿದ್ದನ್ನು ನೀವು ಕೇಳಿದ್ದೀರಾ? ಕೇಳಿರಲಿಕ್ಕಿಲ್ಲ. ಅಲ್ಲಿಯ ಕರಡಿಗಳು ಕೇಳಿವೆ. ಕೇಳಿ ಗವಿ ಬಿಟ್ಟು ಓಡಿವೆ ಎಂದು ಕುರಿ ಕಾಯುವ ಅಜ್ಜನೊಬ್ಬ ಪ್ರತಿವರ್ಷ ನಮ್ಮೆದುರು ಆಣೆ ಮಾಡಿ ಹೇಳುತ್ತಾನೆ. ನನಗಂತೂ ಆ ಸದ್ದು ಕಿವಿಗೆ ಬಿದ್ದರೆ ಮೈಯೆಲ್ಲ ಜುಮ್ಮೆನ್ನುತ್ತದೆ. ಇದನ್ನು ಬರೆಯುವಾಗಲೂ ಜುಮ್ಮೆಂದಿತು, ಸುಳ್ಳಲ್ಲ.

ನಮ್ಮದೊಂದು ಯುವಜನರ ಸಂಘ. ನೋಂದಣಿಯಾದದ್ದು, ಬೈಲಾ ಇರುವಂಥದ್ದು, ಇಪ್ಪತ್ತಮೂರು ಜನ ಸದಸ್ಯರದ್ದು. ವರ್ಷಕ್ಕೊಂದೇ ದೊಡ್ಡ ಕೆಲಸ: ಸುಗ್ಗಿ ಮುಗಿದ ಮೇಲೆ ಹೈಸ್ಕೂಲು ಮಕ್ಕಳ ಸೈಕಲ್ ಯಾತ್ರೆ. ಗುಡೇಕೋಟೆಯಲ್ಲಿ ಹೊರಟು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ದಾಟಿ ಆರನೇ ದಿನ ನೀಲಗುಂದದ ಗುಡಿಯ ಮುಂದೆ ಸೈಕಲ್ಲು ಸ್ಟ್ಯಾಂಡು ಹಾಕುವುದು. ಪಕ್ಕದ ತಾಲ್ಲೂಕಿನ ಬಸ್ ಸ್ಟ್ಯಾಂಡು ಕೂಡ ನೋಡದ ಮಕ್ಕಳು ಆರು ದಿನದಲ್ಲಿ ಐದು ತಾಲ್ಲೂಕಿನ ಅನ್ನ ಉಂಡು, ಐದು ತಾಲ್ಲೂಕಿನ ಬೈಗುಳ ಕಲಿತು, ಬಿಸಿಲಿಗೆ ಕಪ್ಪಾಗಿ, ಎರಡಡಿ ಎತ್ತರವಾದವರ ಹಾಗೆ ಮನೆಗೆ ಹೋಗುತ್ತಾರೆ. ಅದನ್ನು ನೋಡುವುದಕ್ಕಿಂತ ದೊಡ್ಡ ಸುಖ ನನಗೆ ಈವರೆಗೆ ಸಿಕ್ಕಿಲ್ಲ. ನನ್ನ ಗಂಡ ಪಕ್ಕದಲ್ಲಿ ಕೂತು ಇದನ್ನು ಓದಿದರೆ ಬೇಜಾರಾಗಬಹುದು, ಆಗಲಿ.

ನನಗೀಗ ಮೂವತ್ತೇಳು. ಕೊಟ್ಟೂರಿನಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಬಯೋಡಾಟಾ, ಜಮೀನಿನ ಅರ್ಜಿ, ಏನಿದ್ದರೂ ಟೈಪು ಮಾಡಿ ಕೊಡುತ್ತೇನೆ. ಸಂಘದ ಬೈಲಾ ಟೈಪು ಮಾಡಿದವಳೂ ನಾನೇ. ಅಲ್ಲೇ ನನ್ನ ಗ್ರಹಚಾರ ಶುರುವಾಯಿತು ಅನ್ನಿ.

ನನಗಿಂತ ಮುಂಚೆ ಯಾತ್ರೆಯ ಸಂಚಾಲಕರಾಗಿದ್ದವರು ಗುಡೇಕೋಟೆಯವರೇ ಆದ ಒಬ್ಬ ಪಿ.ಟಿ. ಮೇಷ್ಟ್ರು. ಹದಿನಾಲ್ಕು ವರ್ಷ ಯಾತ್ರೆ ನಡೆಸಿದ ಮನುಷ್ಯ. ಅವರು ಸೀಟಿ ಊದಿದರೆ ಎತ್ತಿನ ಬಂಡಿಗಳೂ ದಾರಿ ಬಿಡುತ್ತಿದ್ದವು. ಹದಿನೈದನೇ ವರ್ಷ, ಹೊರಡುವ ದಿನ ಬೆಳಿಗ್ಗೆ, ಮಕ್ಕಳೆಲ್ಲ ಬಂದರು, ಮೇಷ್ಟ್ರು ಬರಲಿಲ್ಲ. ನಾನು ಗಾಬರಿಯಾಗಿ ಅವರ ಮನೆಗೆ ಓಡಿದೆ. ಮಂಚದ ಮೇಲೆ ಬನಿಯನ್ನಿನಲ್ಲಿ ಕೂತಿದ್ದರು. ಜ್ವರವಿಲ್ಲ, ಜಗಳವಿಲ್ಲ. "ನಾ ಒಲ್ಲೆವ್ವಾ," ಅಂದರು, ಅಷ್ಟೇ. ಆ ವರ್ಷ ನಾವು ಹೇಗೋ ಏಗಿದೆವು. ಮೇಷ್ಟ್ರು ಆಮೇಲೆ ಯಾತ್ರೆಯ ಕಡೆ ತಲೆ ಹಾಕಲಿಲ್ಲ. ನಮ್ಮ ಸೈಕಲ್ಲುಗಳು ಅವರ ಬೀದಿಯಲ್ಲಿ ಹಾದರೆ ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದರು. ಹದಿನಾಲ್ಕು ವರ್ಷದ ಪ್ರೀತಿ ಹಾಗೆ ಹಳಸಿಹೋದದ್ದನ್ನು ನೋಡಿ ನಾನು ಅಂಗಡಿಯಲ್ಲಿ ಕೂತು ಅತ್ತಿದ್ದೇನೆ.

ಇನ್ನು ಯಾರಿಗೂ ಹೀಗಾಗಬಾರದು ಎಂದು ನಾವೆಲ್ಲ ಸೇರಿ ಹನ್ನೊಂದನೇ ನಿಯಮ ಮಾಡಿದೆವು. ಸತತ ಆರು ವರ್ಷ ಯಾತ್ರೆ ನಡೆಸಿದವರು ಏಳನೇ ವರ್ಷ ಕಡ್ಡಾಯವಾಗಿ ಬಿಡುವು ತೆಗೆದುಕೊಳ್ಳಬೇಕು. ಆ ವರ್ಷ ಸಭೆಗೆ ಬರುವಂತಿಲ್ಲ, ಫೋನು ಮಾಡಿ ಸಲಹೆ ಕೊಡುವಂತಿಲ್ಲ, ದಾರಿಯಲ್ಲಿ ಮರದ ಹಿಂದೆ ನಿಂತು ನೋಡುವಂತಿಲ್ಲ. ಕೊನೆಯದನ್ನು ಸೇರಿಸಿದ್ದು ನಾನೇ! ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಆಗ ನಾನು ಹೊಸ ಸಂಚಾಲಕಿ, ಏಳನೇ ವರ್ಷ ಅನ್ನುವುದು ಚಂದ್ರಲೋಕದಷ್ಟು ದೂರ. ಟೈಪು ಮಾಡಿ ಮುಗಿಸಿದ ಮೇಲೆ, ಕಾಗದದ ಕೆಳಗೆ ಇನ್ನೂ ಎರಡು ಸಾಲಿನ ಜಾಗ ಉಳಿದಿತ್ತು. "ಆದರೆ ಅನಿವಾರ್ಯ ಸಂದರ್ಭದಲ್ಲಿ ಸರ್ವಸದಸ್ಯರ ಸಭೆಯು ವಿನಾಯಿತಿ ನೀಡಬಹುದು" ಎಂದು ಸೇರಿಸಿದೆ. ಎಲ್ಲ ಸರಕಾರಿ ಕಾಗದದಲ್ಲೂ ಹಾಗೊಂದು ಸಾಲು ಇರುತ್ತದಲ್ಲ, ಚಂದ ಕಾಣುತ್ತದೆ ಎಂದು ಹಾಕಿದ್ದು. ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದರು.

ಆರು ವರ್ಷ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹೋದವು. ಏನು ಯಾತ್ರೆಗಳು ಅವು! ಹಡಗಲಿಯಲ್ಲಿ ಹೂವಿನ ಹೊಲದವರು ನಲವತ್ತು ಸೈಕಲ್ಲಿನ ಹ್ಯಾಂಡಲ್ಲಿಗೂ ಮಲ್ಲಿಗೆ ಸುತ್ತಿ ಕಳಿಸಿದರು, ಹರಪನಹಳ್ಳಿ ತನಕ ರಸ್ತೆಯೇ ಮದುವೆಮನೆ. ತೆಲಿಗಿಯಲ್ಲಿ ನಮ್ಮನ್ನು ನೋಡಿ ಬಸ್ಸಿನ ಡ್ರೈವರು ಬಸ್ಸು ನಿಲ್ಲಿಸಿ, ಪ್ರಯಾಣಿಕರನ್ನೆಲ್ಲ ಇಳಿಸಿ, ಕೈಕುಲುಕಿಸಿ ಹತ್ತಿಸಿದ. ನಾನು ಹೊಟ್ಟೆ ತುಂಬ ನಗುತ್ತಿದ್ದೆ, ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಮನೆಯಲ್ಲಿ "ಊರಿಗೆ ಉಪಕಾರಿ, ಮನೆಗೆ ಮಾರಿ" ಅನ್ನಿಸಿಕೊಂಡೂ ನಗುತ್ತಿದ್ದೆ.

ಏಳನೇ ವರ್ಷದ ಸಭೆ ಬಂತು. ನಿಯಮದ ಪ್ರಕಾರ ನಾನು ಇಳಿಯಬೇಕು. ಹಗರಿಬೊಮ್ಮನಹಳ್ಳಿಯ ಬೀಜದ ಅಂಗಡಿಯವರು ನಮ್ಮಲ್ಲಿ ಹಿರಿಯ ಸದಸ್ಯರು. ಎದ್ದು ನಿಂತು, "ಅಕ್ಕ ಇಲ್ಲಂದ್ರ ಹೆಂಗ್ರಿ? ಯಾತ್ರಿ ಅಂದ್ರ ಅಕ್ಕ, ಅಕ್ಕ ಅಂದ್ರ ಯಾತ್ರಿ," ಅಂದರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು ನನ್ನನ್ನು ಅಕ್ಕ ಅನ್ನುತ್ತಾರೆ! ನಾನು, "ಬ್ಯಾಡ್ರಿ, ನಿಯಮ ಐತಿ," ಅಂದೆ. "ಬ್ಯಾಡ ಅನಬಾರದು," ಅಂದರು. ಮತ್ತೆ ಬೇಡ ಅಂದೆ. ಮತ್ತೆ ಅಂದರು. ಮೂರನೇ ಸಲ ಸುಮ್ಮನಾದೆ. ವಿನಾಯಿತಿಗೆ ಎಲ್ಲರ ಕೈ ಮೇಲೆ.

ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಊಟಕ್ಕೆ ಕೂತವರು ಎರಡನೇ ಹೋಳಿಗೆಗೆ ಸಾಕು ಅನ್ನಲೇಬೇಕು. ಬಡಿಸುವವರು ಅದನ್ನು ಕೇಳಲೇಬಾರದು. ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಸಂದಿನಲ್ಲೇ ತುಪ್ಪ ಸುರಿಯಬೇಕು. ಸಾಕು ಅನ್ನದವನು ಹೊಟ್ಟೆಬಾಕ, ಸಾಕು ಅಂದಾಗ ನಿಲ್ಲಿಸಿದವನು ಜಿಪುಣ. ನಿಜವಾಗಿ ಹೊಟ್ಟೆ ತುಂಬಿದವನು ಏನು ಮಾಡಬೇಕು ಎಂಬುದಕ್ಕೆ ನಮ್ಮ ಪದ್ಧತಿಯಲ್ಲಿ ಉತ್ತರವಿಲ್ಲ. ಎಲೆ ಬಿಟ್ಟು ಎದ್ದು ಓಡಬೇಕು, ಪಿ.ಟಿ. ಮೇಷ್ಟ್ರ ಹಾಗೆ.

ಏಳನೇ ವರ್ಷದ ನನ್ನ 'ಬೇಡ' ಮರ್ಯಾದೆಯ ಬೇಡ. ಎಂಟನೆಯದೂ ಅಷ್ಟೆ, ಒಳಗೊಳಗೆ ಇನ್ನೊಂದು ಹೋಳಿಗೆ ಬೇಕೇ ಇತ್ತು. ಒಂಬತ್ತನೇ ವರ್ಷ ಮಾತ್ರ ನಾನು ನಿಜವಾಗಿ ಬೇಡ ಅಂದೆ. ಸಭೆಗೆ ಮುಂಚೆ ಮನೆಯಲ್ಲಿ ಕನ್ನಡಿ ಮುಂದೆ ನಿಂತು ಅಂದು ನೋಡಿಕೊಂಡು ಹೋಗಿದ್ದೆ. ಆದರೆ ಎರಡು ಬಗೆಯ ಬೇಡಕ್ಕೂ ಒಂದೇ ಮುಖ, ಒಂದೇ ಧ್ವನಿ. ನಾನು ಬೇಡ ಅಂದಷ್ಟೂ ಅವರಿಗೆ ಹುರುಪು. ಮೂರು ಸಲ ಅಲ್ಲ, ಐದು ಸಲ ಅಂದೆ. "ಏನ್ ದೊಡ್ಡ ಗುಣರಿ ಅಕ್ಕಾರದು," ಎಂದು ಹೊಗಳಿ, ಶಾಲು ಹೊದಿಸಿ, ವಿನಾಯಿತಿ ಕೊಟ್ಟರು. ಹತ್ತನೇ ವರ್ಷಕ್ಕೆ ನಾನು ಬಾಯಿಯನ್ನೇ ತೆರೆಯಲಿಲ್ಲ.

ಹತ್ತನೇ ಯಾತ್ರೆಗೆ ಹದಿನೈದು ದಿನ ಇರುವಾಗ ನಾನು ಮಳೆ ಬರಲಿ ಎಂದು ದೇವರನ್ನು ಬೇಡಿಕೊಂಡೆ. ನಮ್ಮ ಕಡೆ ಮಳೆ ಬೇಡದವರು ಯಾರಿದ್ದಾರೆ, ಹಾಗಾಗಿ ದೇವರಿಗೂ ಅನುಮಾನ ಬಂದಿರಲಿಕ್ಕಿಲ್ಲ. ನಾನು ಬೇಡಿದ್ದು ಬೆಳೆಗಲ್ಲ, ರಸ್ತೆ ಕೊಚ್ಚಿಹೋಗಿ ಯಾತ್ರೆ ನಿಲ್ಲಲಿ ಎಂದು. ವಾಟ್ಸಾಪ್ ಗುಂಪಿನಲ್ಲಿ "ಅಕ್ಕಾ" ಎಂದು ಯಾರಾದರೂ ಬರೆದರೆ ಸಾಕು, ಫೋನು ಬೋರಲು ಹಾಕಿಬಿಡುತ್ತಿದ್ದೆ. ಮಕ್ಕಳ ಪಟ್ಟಿ ಟೈಪು ಮಾಡುವಾಗ ಒಂದೊಂದು ಹೆಸರಿಗೂ ಸಿಟ್ಟು ಬರುತ್ತಿತ್ತು, ಮುಖ ನೋಡದ ಮಕ್ಕಳ ಮೇಲೆ! ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಆ ವರ್ಷ ಬೆಲ್ಲು ಬಾರಿಸಿದಾಗ ಮೈ ಜುಮ್ಮೆನ್ನಲಿಲ್ಲ. ತಲೆ ಸಿಡಿಯಿತು.

ಎರಡನೇ ದಿನ, ಕೂಡ್ಲಿಗಿ ದಾಟಿ ಕೊಟ್ಟೂರಿಗೆ ಬರುವ ದಾರಿಯಲ್ಲಿ ಒಂದು ಏರು. ಗುಡೇಕೋಟೆ ಕಡೆಯ ಒಬ್ಬ ಹುಡುಗಿಯ ಸೈಕಲ್ ಚೈನು ಬಿತ್ತು. ಕುರಿ ಸಾಕುವ ಮನೆಯ ಮಗು, ಅಣ್ಣನ ಹಳೆಯ ಸೈಕಲ್ಲು ತಂದಿದ್ದಳು. ಹಾಕಿಕೊಟ್ಟೆ. ಮತ್ತೆ ಬಿತ್ತು. ಮತ್ತೆ ಹಾಕಿಕೊಟ್ಟೆ. ಮೂರನೇ ಸಲ ಬಿದ್ದಾಗ ನನ್ನ ಬಾಯಿಂದ, "ಸೈಕಲ್ಲು ನೆಟ್ಟಗಿಲ್ಲದೋರು ಯಾಕ ಬರ್ತೀರಿ? ಮನ್ಯಾಗ ಕುರಿ ಕಾಯ್ಕೊಂತ ಇರಬೇಕಿಲ್ಲ?" ಎಂಬ ಮಾತು ಬಂತು. ಮಾತು ಆಡಿದರೆ ಹೋಯಿತು. ಅವಳು ಅಳಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡು ಏರು ಹತ್ತಿದಳು, ನನ್ನ ಮುಂದೆ ಮುಂದೆ.

ಸಂಜೆ ಕೊಟ್ಟೂರಿನ ಶಾಲೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಎಲ್ಲರೂ ವೃತ್ತಾಕಾರದಲ್ಲಿ ಕೂರುತ್ತೇವೆ. ಆ ಹೊತ್ತಿನಲ್ಲಿ ಮಕ್ಕಳು ದೊಡ್ಡವರನ್ನು ಏನು ಬೇಕಾದರೂ ಕೇಳಬಹುದು, ಅದೂ ನಮ್ಮ ನಿಯಮವೇ. ಆ ಹುಡುಗಿ ಎದ್ದು ನಿಂತಳು. ಬೈದದ್ದನ್ನು ಹೇಳುತ್ತಾಳೆ ಅಂದುಕೊಂಡೆ, ಕ್ಷಮೆ ಕೇಳಲು ತಯಾರಾಗಿ ಕೂತೆ. ಅವಳು ಕೇಳಿದ್ದು ಬೇರೆ.

"ಅಕ್ಕಾರ, ನಿಮಗ ಸೈಕಲ್ ಯಾತ್ರಿ ಅಂದ್ರ ಸೇರಂಗಿಲ್ಲೇನ್ರಿ?"

ವ್ಯಂಗ್ಯವಿಲ್ಲ, ಸಿಟ್ಟಿಲ್ಲ. ನಿಮಗೆ ಬದನೆಕಾಯಿ ಸೇರುವುದಿಲ್ಲವೇ ಎಂದು ಕೇಳಿದ ಹಾಗೆ ಕೇಳಿದಳು. ಎಲ್ಲ ನಕ್ಕರು. ನಾನೂ ನಕ್ಕೆ. ಅವಳನ್ನು ಪಕ್ಕಕ್ಕೆ ಕರೆದು ತಪ್ಪಾಯಿತು ಅಂದೆ, ನನ್ನ ಸೈಕಲ್ಲು ಅವಳಿಗೆ ಕೊಟ್ಟು ಉಳಿದ ನಾಲ್ಕು ದಿನ ಅವಳದನ್ನು ನಾನು ತುಳಿದೆ. ಚೈನು ಎಷ್ಟು ಸಲ ಬಿತ್ತು ಎಂಬುದನ್ನು ಕೇಳಬೇಡಿ. ಆದರೆ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ನೀಲಗುಂದದ ತನಕ ಅದೊಂದೇ ತಲೆಯಲ್ಲಿ. ನನಗೆ ಪಿ.ಟಿ. ಮೇಷ್ಟ್ರ ಮುಚ್ಚಿದ ಬಾಗಿಲು ಕಾಣುತ್ತಿತ್ತು, ಅದರ ಒಳಗೆ ನಾನು. ಇನ್ನೊಂದು ವರ್ಷ ನಡೆಸಿದರೆ ನಾನು ಈ ಯಾತ್ರೆಯನ್ನು ಶಾಶ್ವತವಾಗಿ ದ್ವೇಷಿಸುತ್ತೇನೆ. ಇದು ಖಾತ್ರಿಯಾಗಿತ್ತು. ಬಿಡಲಾರೆ ಎಂಬುದೂ ಅಷ್ಟೇ ಖಾತ್ರಿ. ಯಾಕೆಂದರೆ, ಹೇಳಿಬಿಡುತ್ತೇನೆ, ನಾನಿಲ್ಲದೆ ಯಾತ್ರೆ ನಿಂತುಹೋದರೆ ಎಂಬ ಭಯಕ್ಕಿಂತ ನಾನಿಲ್ಲದೆಯೂ ಚೆನ್ನಾಗಿ ನಡೆದರೆ ಎಂಬ ಭಯ ದೊಡ್ಡದಾಗಿತ್ತು.

ಹನ್ನೊಂದನೇ ವರ್ಷ ಯಾರು ನಡೆಸಬೇಕೆಂದು ತೀರ್ಮಾನಿಸುವ ಸಭೆ ಒಂದು ಭಾನುವಾರ ಮಧ್ಯಾಹ್ನ, ಕೊಟ್ಟೂರಿನ ಅದೇ ಶಾಲೆಯಲ್ಲಿ. ಇಪ್ಪತ್ತಮೂರಕ್ಕೆ ಇಪ್ಪತ್ತಮೂರು ಜನವೂ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ್ದರು. ಇಂಥದ್ದು ಸಂಘದ ಇತಿಹಾಸದಲ್ಲೇ ಇಲ್ಲ. ಶಾಲೆಯ ಬಿಸಿಯೂಟದ ಅಡುಗೆಯಮ್ಮ ನಮಗೆಂದು ಹಿಂದಿನ ಕೋಣೆಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದಳು, ಒಗ್ಗರಣೆಯ ವಾಸನೆಗೆ ಸಭೆ ಬೇಗ ಮುಗಿಸುವ ಆತುರ ಎಲ್ಲರಿಗೂ. ಬೀಜದ ಅಂಗಡಿಯವರು ಪದ್ಧತಿಯಂತೆ ಎದ್ದರು. "ಅಕ್ಕ ಇಲ್ಲಂದ್ರ ಹೆಂಗ್ರಿ?" ಕೈಗಳು ಮೇಲೇಳಲು ಅರ್ಧ ದಾರಿಯಲ್ಲಿದ್ದವು.

ಆಗ ಹರಪನಹಳ್ಳಿಯ ಗಣಿತದ ಮೇಷ್ಟ್ರು, ಸೇರಿ ಎರಡೇ ವರ್ಷವಾದ ಹೊಸ ಹುಡುಗ, ಎದ್ದ. "ಒಂದ್ ನಿಮಿಷ ರೀ. ಕಣ್ಣು ಮುಚ್ಚಿ ಕೈ ಎತ್ತೋಣ."

ಸಭೆಗೆ ಸಭೆಯೇ ಅವನತ್ತ ತಿರುಗಿತು.

"ನಮ್ಮ ಶಾಲ್ಯಾಗ ಕ್ಲಾಸ್ ಲೀಡರನ್ನ ಹಿಂಗ ಆರಿಸೋದು ರೀ. ಇಲ್ಲಾಂದ್ರ ಹುಡುಗ್ರು ಒಬ್ಬರ ಮುಖ ಒಬ್ಬರು ನೋಡಿ ಎತ್ತುತಾರ."

"ನಮ್ಮನ್ನೇನು ಏಳನೇತ್ತಿ ಹುಡುಗ್ರು ಅಂತ ತಿಳಕೊಂಡೀಯೇನಪಾ?" ಎಂದು ಬೀಜದ ಅಂಗಡಿಯವರು ಕೆಂಪಾದರು.

"ಏಳನೇ ಕ್ಲಾಸಿನೋರು ನಮ್ಮಷ್ಟು ಭಿಡೆ ಮಾಡಂಗಿಲ್ಲ ಬಿಡ್ರಿ," ಅಂದ ಅವನು. ಬೆಕ್ಕಿಗೆ ಗಂಟೆ ಕಟ್ಟಿಯೇ ಬಿಟ್ಟ, ಪುಣ್ಯಾತ್ಮ! ನಾನು ಕೂತಲ್ಲೇ ನೆಟ್ಟಗಾದೆ. ಹೆದರಿಕೆಯೋ, ಹುರುಪೋ, ಹೇಳಲು ಬರದು. ಎಷ್ಟೋ ವರ್ಷದ ಮೇಲೆ ಏನೋ ಆಗಲಿದೆ ಎಂದು ರೋಮ ಎದ್ದು ನಿಂತವು.

ಎಲ್ಲರೂ ಕಣ್ಣು ಮುಚ್ಚಿದರೆ ಎಣಿಸುವವರು ಯಾರು? ಸದಸ್ಯರಲ್ಲದವರು ಬೇಕು. ಅಡುಗೆಯಮ್ಮನನ್ನು ಕರೆದರು. ಅವಳು ಸೌಟು ಹಿಡಿದೇ ಬಂದು, "ಲಗೂನ ಮುಗಸ್ರಿ, ತಳ ಹಿಡಿತೈತಿ," ಅಂದಳು. "ನೀನು ಬರೇ ಕೈ ಎಣಿಸವ್ವ, ಯಾರು ಎತ್ಯಾರ ಅಂತ ಯಾರಿಗೂ ಹೇಳಬ್ಯಾಡ," ಎಂದು ಗಣಿತದ ಮೇಷ್ಟ್ರು ಹೇಳಿದ. ನಾನು ಅವಳ ಕಡೆ ನೋಡಿದೆ, ಅವಳು ನನ್ನ ಕಡೆ ನೋಡಲಿಲ್ಲ, ಉಪ್ಪಿಟ್ಟಿನ ಕಡೆಯೇ ಕಿವಿ.

"ಕಣ್ಣು ಮುಚ್ಚ್ರಿ. ಅಕ್ಕಾರು ಈ ವರ್ಷ ಬಿಡುವು ತಗೋಬೇಕು ಅನ್ನೋರು ಕೈ ಎತ್ತ್ರಿ."

ಕಣ್ಣು ಮುಚ್ಚಿದೆ. ಇಪ್ಪತ್ತಮೂರು ಜನರ ಉಸಿರು ಕೇಳುತ್ತಿತ್ತು. ಸೀರೆಯೋ ಅಂಗಿಯೋ ಸರಿದಾಡಿದ ಸದ್ದು. ಎಡಗಡೆ ಕೂತವಳ ಬಳೆ ಸಣ್ಣಗೆ ಘಲ್ಲೆಂದಿತು, ಅಂದರೆ ಅವಳು ಎತ್ತಿದ್ದಾಳೆ! ಅವಳು ನಾನು ಕೈ ಹಿಡಿದು ಸೈಕಲ್ಲು ಕಲಿಸಿದವಳು. ಸುಡುಗಾಡು ಸಿಟ್ಟು ಬಂತು. ಮರುಕ್ಷಣ ಅನಿಸಿತು: ಈ ಸಭೆಯಲ್ಲಿ ಯಾರ ಮರ್ಯಾದೆಗೂ ಈಗ ಕೆಲಸವಿಲ್ಲ. ನಾನೂ ಸದಸ್ಯಳೇ. ನನಗೂ ಒಂದು ಮತವಿದೆ. ನನ್ನ ಬೇಡವನ್ನು ಯಾರೂ ಹೊಗಳಲಾರರು, ಯಾರೂ ಅದರ ಮೇಲೆ ತುಪ್ಪ ಸುರಿಯಲಾರರು, ಯಾಕೆಂದರೆ ಯಾರೂ ನೋಡುತ್ತಿಲ್ಲ.

ಅಡುಗೆಯಮ್ಮ ಒಂದು, ಎರಡು ಎಂದು ಬಾಯಲ್ಲೇ ಎಣಿಸುತ್ತ ಸಾಲುಗಳ ನಡುವೆ ಹೋದಳು. ನನ್ನ ಹತ್ತಿರ ಒಂದು ಗಳಿಗೆ ನಿಂತಳು. ಮುಂದೆ ಹೋದಳು.

"ಕೈ ಇಳಸ್ರಿ, ಕಣ್ಣು ತಗೀರಿ," ಅಂದ ಮೇಷ್ಟ್ರು. "ಎಷ್ಟವ್ವ?"

"ಇಪ್ಪತ್ನಾಕು."

ಎಲ್ಲರೂ ಪಿಳಿಪಿಳಿ ನೋಡಿದರು. ಹಾಜರಿ ಪುಸ್ತಕ ತೆಗೆದರು. ಇಪ್ಪತ್ತಮೂರು ಸಹಿ. "ತಪ್ಪು ಎಣಿಸೀಯವ್ವ," ಎಂದು ಬೀಜದ ಅಂಗಡಿಯವರು ಅಂದದ್ದೇ ತಡ, ಅಡುಗೆಯಮ್ಮ ಸೌಟು ಎತ್ತಿದಳು. "ದಿನಾ ಮುನ್ನೂರು ತಾಟು ಎಣಿಸಾಕಿ ನಾನು. ಮಂದಿ ಎಣಿಸು ಅಂದಿದ್ರ ಇಪ್ಪತ್ತಮೂರು ಅಂತಿದ್ದೆ. ಕೈ ಎಣಿಸು ಅಂದ್ರಿ. ಇಪ್ಪತ್ನಾಕು ಕೈ ಎದ್ದಾವ." ಅಷ್ಟು ಹೇಳಿ ಉಪ್ಪಿಟ್ಟಿನ ಕಡೆ ಓಡಿದಳು.

ಅಂದರೆ ಎಲ್ಲರೂ. ಇಪ್ಪತ್ತೆರಡು ಜನ, ಪ್ರತಿವರ್ಷ "ಅಕ್ಕ ಇಲ್ಲಂದ್ರ ಹೆಂಗ" ಎಂದವರೂ ಸೇರಿ, ಒಬ್ಬರೂ ಬಿಡದೆ. ನೋವಾಗಲಿಲ್ಲ ಎಂದರೆ ಸುಳ್ಳು. ಒಬ್ಬರಾದರೂ, ಸುಮ್ಮನೆ ನನ್ನ ಖುಷಿಗಾದರೂ, ಕೈ ಕೆಳಗಿಡಬಾರದಿತ್ತೇ ಎಂದು ಚುರ್ರೆಂದಿತು. ಬೀಜದ ಅಂಗಡಿಯವರು ತಲೆ ತಗ್ಗಿಸಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ತಪ್ಪು ತಿಳಕಾಬ್ಯಾಡ್ರಿ ಅಕ್ಕಾರ. ಹೋದ ವರ್ಷ ನಿಮ್ಮ ಮಾರಿ ನೋಡಾಕ ಆಗಿರಲಿಲ್ಲ. ಹೇಳಾಕ ಬಾಯಿ ಬರಲಿಲ್ಲ," ಅಂದರು.

"ಅದಿರಲಿ, ಎರಡು ಕೈ ಎತ್ತಿದೋರು ಯಾರು?" ಎಂದು ಗಣಿತದ ಮೇಷ್ಟ್ರು ಕೇಳಿದ. ಅವನಿಗೆ ಲೆಕ್ಕ ತಪ್ಪಿದ್ದೇ ಚಿಂತೆ. "ಅದೊಂದು ಮತ ತಪ್ಪಾಗೈತಿ, ಹೊಡೆದು ಹಾಕಬೇಕು."

ನಾನು ಎದ್ದು ನಿಂತೆ. ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಹತ್ತು ವರ್ಷದಲ್ಲಿ ಅಷ್ಟು ಹಗುರಾಗಿ ನಾನು ಯಾವ ಏರನ್ನೂ ಹತ್ತಿರಲಿಲ್ಲ.

"ತಪ್ಪೇನಿಲ್ಲ, ಹೊಡೆದು ಹಾಕಬ್ಯಾಡ," ಅಂದೆ. "ಆ ಎರಡೂ ನನ್ನವು."